ಎಡಗೈಯನ್ನು ಬಲಗೈ ಮಾಡಿದ ಮೇಡಂ

ಮಕ್ಕಳ ಪುಸ್ತಕ ಮಾಡುವ ಆ ಸಣ್ಣ ಕಚೇರಿಯಲ್ಲಿ ಅವಳನ್ನು ಎಲ್ಲರೂ ಸೂಚನೆ ಮೇಡಂ ಎಂದೇ ಕರೆಯುತ್ತಿದ್ದರು. ಕೆಲಸವೇ ಅದು. ಯಾವ ಪುಟದಲ್ಲಿ ಯಾರು ನಿಂತಿರಬೇಕು, ಅಂಗಿಗೆ ಎಷ್ಟು ಗುಂಡಿ, ಕಿಟಕಿ ತೆರೆದಿದೆಯೋ ಮುಚ್ಚಿದೆಯೋ ಎಂದೆಲ್ಲ ಬರೆದು ದೂರದೂರದ ದೇಶಗಳಲ್ಲಿದ್ದ ಚಿತ್ರಗಾರರಿಗೆ ಕಳಿಸುವುದು. ಇವಳು ಮಲಗುವ ಹೊತ್ತಿಗೆ ಅವರಿಗೆ ಬೆಳಗಾಗುತ್ತಿತ್ತು. ಹಾಗಾಗಿ ಫೋನಿನ ಮಾತಿಲ್ಲ. ಇಬ್ಬರಿಗೂ ಕಾಣುವ ಒಂದು ಕಡತದಲ್ಲಿ ಇವಳು ಬರೆಯುವುದು, ಅವರು ಎದ್ದು ಓದುವುದು. ಚಿತ್ರ ಬಂದ ಮೇಲೆ ಪಕ್ಕದಲ್ಲಿ ಇವಳ ಟಿಪ್ಪಣಿ, ಅದರ ಕೆಳಗೆ ಅವರ "ಆಯಿತು".

ಆದರೆ ಚಿತ್ರಗಾರರಿಗೆ ಕಥೆಯನ್ನು ಕಳಿಸುತ್ತಲೇ ಇರಲಿಲ್ಲ. ಓದಿದರೆ ತಮ್ಮದೇ ಕಲ್ಪನೆ ಹರಿಯಬಿಡುತ್ತಾರೆ ಎಂಬುದು ಅವಳು ತಾನೇ ಮಾಡಿದ ಕಾನೂನು. ತನ್ನ ಸೂಚನೆ ಓದಿ ಯಾರೂ ಮರುಪ್ರಶ್ನೆ ಕೇಳುವುದಿಲ್ಲವೆಂದು ಒಳಗೊಳಗೇ ಜಂಬ ಬೇರೆ. ಕೇಳಿದವರಿಗೆ ಉತ್ತರ ಖಾರವಾಗಿ ಹೋಗುತ್ತಿತ್ತು, ಅದಕ್ಕೇ ಕೇಳುತ್ತಿರಲಿಲ್ಲ.

ಬಲಗೈ ಮುರಿದುಕೊಂಡ ಹುಡುಗಿಯೊಬ್ಬಳು ಎಡಗೈಯಲ್ಲಿ ಬರೆಯಲು ಕಲಿಯುವ ಕಥೆ ಬಂತು. ಚಿತ್ರಕ್ಕೆ ಮೇಡಂ ಹಿಡಿದದ್ದು ನಾಲ್ಕು ವರ್ಷದಿಂದ ಜೊತೆಯಲ್ಲಿದ್ದ ಹಿರಿಯ ಚಿತ್ರಗಾರರೊಬ್ಬರನ್ನು. ಅವರ ಮುಖವನ್ನು ಅವಳು ನೋಡಿರಲಿಲ್ಲ, ಆದರೆ ಹೇಳಿದ ದಿನಕ್ಕೆ ಕೆಲಸ ತಪ್ಪಿಸಿದವರಲ್ಲ. ಪುಸ್ತಕದ ಇಪ್ಪತ್ತೆರಡೂ ಚಿತ್ರ ಕುಂಚದಲ್ಲೇ ಬರೆದು ಕಳಿಸಿದರು. ಅವನ್ನು ನೋಡಿದ ಕಥೆಯ ಲೇಖಕಿ ಕೆಂಡಾಮಂಡಲವಾದರು. ಪ್ಲಾಸ್ಟರ್ ಎಡಗೈಗಿತ್ತು, ಹುಡುಗಿ ಬಲಗೈಯಲ್ಲಿ ಬರೆಯುತ್ತಿದ್ದಳು. ಕಥೆಯೇ ತಲೆಕೆಳಗಾಗಿತ್ತು. ಕನ್ನಡಿಯಲ್ಲಿ ಕಂಡಂತೆ ತಿರುಗಿಸೋಣವೆಂದರೆ ಪ್ರತಿ ಚಿತ್ರದಲ್ಲೂ ಗೋಡೆಯ ಮೇಲೆ ಅಕ್ಷರಗಳು, ಅವೂ ಉಲ್ಟಾ ಆಗಿಬಿಡುತ್ತಿದ್ದವು.

ಮೇಡಂ ಕಡತ ತೆರೆದಳು. "ಎಡಗೈಗೆ ಪ್ಲಾಸ್ಟರ್" ಎಂದು ತಾನೇ ಬರೆದಿದ್ದಳು. ಕರಡು ಚಿತ್ರಗಳಲ್ಲಿ ಗುಂಡಿ ಎಣಿಸಿದವಳಿಗೆ ಕೈ ಕಂಡಿರಲಿಲ್ಲ. ಅತ್ತಿತ್ತ ನೋಡಿ "ಎಡ" ಅಳಿಸಿ "ಬಲ" ಎಂದು ಹೊಡೆದಳು. ಅಷ್ಟಕ್ಕೇ ಬಿಡದೆ ಮೊದಲ ಚಿತ್ರದ ಪಕ್ಕದಲ್ಲಿ ಟಿಪ್ಪಣಿಯನ್ನೂ ಹಾಕಿದಳು: "ದಯವಿಟ್ಟು ಸೂಚನೆಯನ್ನು ಇನ್ನೊಮ್ಮೆ ಗಮನವಿಟ್ಟು ಓದಿ." ಆ "ದಯವಿಟ್ಟು" ಬರೆಯಲು ಅವಳಿಗೆ ಮನಸ್ಸು ಹೇಗೆ ಬಂತೋ!

ಮರುದಿನ ಉತ್ತರ ಬಂತು: "ತಪ್ಪಾಯಿತು. ಎಲ್ಲವನ್ನೂ ಮತ್ತೆ ಬರೆಯುತ್ತೇನೆ."

ಮೂರು ವಾರದಲ್ಲಿ ಇಪ್ಪತ್ತೆರಡೂ ಬಂದವು. ಲೇಖಕಿ ಹೊಗಳಿದರು, ಮೇಡಂ ತಲೆಯಾಡಿಸಿದಳು. ಅದೇ ಭಾನುವಾರ ಹಿರಿಯರಿಂದ ಒಂದು ಧ್ವನಿ ಸಂದೇಶ ಬಂತು. ನಾಲ್ಕು ವರ್ಷದಲ್ಲಿ ಮೊದಲ ಸಲ ಅವರ ದನಿ ಕೇಳಿದ್ದು.

"ಅಮ್ಮಾ, ಎಡಗೈ ಅಂತ ಓದಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅದಕ್ಕೇ ಕಣ್ಣಿನ ಡಾಕ್ಟ್ರ ಹತ್ರ ಹೋಗಿದ್ದೆ, ಕಣ್ಣು ಸರಿಯಾಗೇ ಇದೆ ಅಂದ್ರು. ಅಂದ್ಮೇಲೆ ಕೆಡ್ತಿರೋದು ತಲೆನೇ. ನಮ್ಮಣ್ಣನಿಗೂ ಹೀಗೇ ಶುರುವಾಗಿದ್ದು. ಮೊದಲು ಎಡ ಬಲ, ಆಮೇಲೆ ಮಕ್ಕಳ ಹೆಸರು. ಇದೇ ನನ್ನ ಕೊನೆ ಪುಸ್ತಕ ಅಂದ್ಕೊಳ್ಳಿ. ಇನ್ನೊಬ್ರಿಗೆ ತೊಂದ್ರೆ ಕೊಡೋದು ಬೇಡ."

ಅವಳಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಹೊಲಿಗೆ ಯಂತ್ರದ ಮುಂದಿದ್ದ ದರ್ಜಿ ಗಂಡ ಯಾರದು ದನಿ ಎಂದು ಕೇಳಿದ. ಅವಳು ಬಟ್ಟೆಯ ಚೂರುಗಳನ್ನು ನೋಡುತ್ತಲೇ ಎಲ್ಲ ಹೇಳಿದಳು.

"ಅವರಿಗೆ ಗೊತ್ತಾ?" ಎಂದ.

"ಇಲ್ಲ. ಯಾರಿಗೂ ಗೊತ್ತಿಲ್ಲ."

"ನಿಂಗೆ ಗೊತ್ತಲ್ಲ," ಎಂದು ಅವನು ಮತ್ತೆ ಯಂತ್ರ ತುಳಿಯತೊಡಗಿದ.

ಬರೆಯಲು ಕುಳಿತಳು. "ಸಂವಹನದಲ್ಲಿ ಒಂದು ಲೋಪ" ಎಂದು ಬರೆದು ಅಳಿಸಿದಳು. "ಗಡಿಬಿಡಿಯಲ್ಲಿ" ಎಂದು ಬರೆದು ಅದನ್ನೂ ಅಳಿಸಿದಳು. ಊರಿಗೆಲ್ಲ ಸೂಚನೆ ಬರೆಯುವವಳಿಗೆ ಒಂದು ಸಾಲೂ ಹುಟ್ಟಲಿಲ್ಲ. ಕೊನೆಗೆ ಫೋನನ್ನು ಬಾಯಿಯ ಹತ್ತಿರ ಹಿಡಿದು, "ಸರ್, ನಾನೇ ಎಡಗೈ ಅಂತ ಬರೆದಿದ್ದೆ. ಆಮೇಲೆ ಕದ್ದು ತಿದ್ದಿದೆ. ನಿಮ್ಮ ತಪ್ಪು ಏನೂ ಇಲ್ಲ," ಎಂದು ಒಂದೇ ಉಸಿರಿನಲ್ಲಿ ಹೇಳಿದಳು. ಕಡತದ ಹಳೆಯ ಪ್ರತಿಯನ್ನೂ ಹುಡುಕಿ ಕಳಿಸಿದಳು, ಕಚೇರಿಯ ಯಜಮಾನಿಗೂ ಒಂದು ಪ್ರತಿ ಕಳಿಸಿದಳು.

ಅಲ್ಲಿ ಬೆಳಗಾಗುವವರೆಗೆ ಕಾಯುವುದು ಬಿಟ್ಟು ಬೇರೆ ದಾರಿಯಿರಲಿಲ್ಲ. ಬೈಯುತ್ತಾರೆ, ಬೈಯಲಿ, ಕಚೇರಿಗೆ ದೂರು ಬರೆಯುತ್ತಾರೆ, ಬರೆಯಲಿ. ಎಲ್ಲದಕ್ಕೂ ತಲೆ ತಗ್ಗಿಸಿ ನಿಲ್ಲುವುದೆಂದು ಮನಸ್ಸು ಗಟ್ಟಿ ಮಾಡಿಕೊಂಡಳು.

ಅವಳು ಎದ್ದಾಗ ಉತ್ತರ ಬಂದಿತ್ತು. ಅದೂ ಧ್ವನಿ ಸಂದೇಶವೇ. ಮೊದಲು ಹಿರಿಯರ ನಗು. "ಅಂದ್ರೆ ನನಗೆ ಸರಿಯಾಗೇ ನೆನಪಿತ್ತು!" ಎಂದರು. ಆಚೆ ತಿರುಗಿ, "ಲೇ, ಬಾರೇ ಇಲ್ಲಿ, ನನ್ನ ತಲೆ ಸರಿಯಿದೆ ಕಣೇ," ಎಂದು ಕೂಗಿದರು. ಯಾವುದೋ ಪಾತ್ರೆ ಕೆಳಗಿಟ್ಟ ಸದ್ದಾಯಿತು. ಹೆಂಗಸೊಬ್ಬಳು ಬಿಕ್ಕಿಬಿಕ್ಕಿ ಅಳುವುದು ಕೇಳಿಸಿತು, ಅವರು ಸಮಾಧಾನ ಮಾಡುತ್ತಿದ್ದರು. ತಾನು ಅನ್ಯಾಯ ಮಾಡಿದ್ದು ಒಬ್ಬರಿಗೆ ಎಂದುಕೊಂಡಿದ್ದಳು ಮೇಡಂ. ಆ ಮನೆಯಲ್ಲಿ ಇನ್ನೊಂದು ಜೀವ ಮೂರು ವಾರ ಗಂಡನ ಮುಖವನ್ನೇ ನೋಡುತ್ತಾ ಕುಳಿತಿದೆಯೆಂದು ಹೊಳೆದೇ ಇರಲಿಲ್ಲ.

ಕೊನೆಗೆ ಅವರು ಮತ್ತೆ ಫೋನಿನ ಹತ್ತಿರ ಬಂದರು. "ದೊಡ್ಡ ಉಪಕಾರ ಮಾಡಿದ್ರಿ ತಾಯಿ," ಎಂದರು.