ತಮ್ಮಯ್ಯನವರ ನಾಲ್ಕನೇ ಸಾಲು

ಬೆಂಜಮಿನ್ ತಮ್ಮಯ್ಯನವರಿಗೆ ವಾರದ ಏಳು ದಿನವೂ ಮಾತ್ರೆಯದೇ ಕೆಲಸ. ಸೋಮವಾರದಿಂದ ಶನಿವಾರದವರೆಗೆ ನುಂಗಂಬಾಕ್ಕಂನ ಒಂದು ಪ್ರೆಸ್ಸಿನಲ್ಲಿ, ಔಷಧಿ ಡಬ್ಬಿಯೊಳಗೆ ಮಡಿಚಿಡುವ ಕನ್ನಡ ಚೀಟಿಗಳ ಕರಡು ತಿದ್ದುವುದು: ದಿನಕ್ಕೆ ಎರಡು ಮಾತ್ರೆ, ಊಟದ ನಂತರ. ಭಾನುವಾರ ಆರಾಧನೆಗೆಂದು ತಾವು ಬರೆದ ಹಾಡಿನ ಮಾತ್ರೆ ಎಣಿಸುವುದು: ಸಾಲಿಗೆ ಹನ್ನೊಂದು, ಊಟಕ್ಕೆ ಮುಂಚೆ. "ಎರಡನ್ನೂ ನುಂಗೋರು ಪಾಪದವರು" ಎನ್ನುತ್ತಿದ್ದರು ಹೆಂಡತಿ ಸುಗುಣ.

ಗುಬ್ಬಿ ಕಡೆಯ ಮಿಷನ್ ಶಾಲೆ ಮೇಷ್ಟರ ಮಗ. ಎಪ್ಪತ್ತೊಂದರಲ್ಲಿ ಮದರಾಸಿಗೆ ಬಂದರು. ಊರೇ ಹೆಸರು ಬದಲಿಸಿಕೊಂಡು ಚೆನ್ನೈ ಆದರೂ ಅವರು ಮಾತ್ರ ಅದೇ ಪ್ರೆಸ್ಸು, ಅದೇ ಕುರ್ಚಿ. ಸುಮ್ಮನೆ ಕೂತಿದ್ದರು ಎಂದರೆ ಮಾತ್ರ ತಪ್ಪಾಗುತ್ತದೆ. ಯಾರಾದರೂ ಮದುವೆ ಪತ್ರಿಕೆ ಕೊಟ್ಟರೆ ಶುಭ ಹಾರೈಸುವ ಮೊದಲೇ ಕಿವಿಯ ಮೇಲಿನ ಪೆನ್ಸಿಲ್ ಕೆಳಗಿಳಿಯುತ್ತಿತ್ತು. ಸುಗುಣ ಬರೆದ ಸಾಮಾನಿನ ಚೀಟಿಯನ್ನೂ ತಿದ್ದಿಯೇ ಅಂಗಡಿಗೆ ಒಯ್ಯುತ್ತಿದ್ದರು.

ಕನ್ನಡ ಸಭೆ ಸೇರುತ್ತಿದ್ದುದು ಎಗ್ಮೋರಿನ ಒಂದು ತಮಿಳು ಚರ್ಚಿನಲ್ಲಿ, ತಮಿಳರ ಆರಾಧನೆ ಮುಗಿದ ಮೇಲೆ, ಹನ್ನೊಂದೂವರೆಗೆ. ಬೆಂಚಿನ ಮೇಲೆ ತಮಿಳು ಇನ್ನೂ ಬೆಚ್ಚಗಿರುವಾಗಲೇ ನಮ್ಮ ನಲವತ್ತು ಜನ ಕನ್ನಡದಲ್ಲಿ ಕೂರುವರು. ಆ ನಲವತ್ತು ಜನರಿಗೆ ತಮ್ಮಯ್ಯನವರೇ ಕವಿ. ಹಬ್ಬಕ್ಕೊಂದು, ಹೂಳಿಕೆಗೊಂದು ಹಾಡು. ಆದರೆ ಆ ಒಂದು ಹಾಡಿನಷ್ಟು ಅವರನ್ನು ಯಾವುದೂ ಕಾಡಲಿಲ್ಲ.

ಅದು ಹುಟ್ಟಿದ್ದು ಕಾಸಿಮೇಡಿನ ಮೀನು ಬಂದರಿನಲ್ಲಿ. ವಂಜರಂ ಮೀನು ತರಲು ಸುಗುಣ ಬೆಳಗಿನ ಹರಾಜಿಗೆ ಕಳಿಸಿದ್ದರು. ಬರಿಗೈಯಲ್ಲಿ ಮರಳಿದ ಬೆಸ್ತನೊಬ್ಬ ಮುಖ ಸಪ್ಪೆ ಮಾಡಿಕೊಂಡು ದೋಣಿಗೆ ಒರಗಿದ್ದ. ದಡದಲ್ಲಿ ಮೀನು ಸುಡುತ್ತಿದ್ದ ಗೆಳೆಯ ಕೂಗಿದ: "ಸಾಪ್ಪಿಡ ವಾಡಾ!" ಊಟಕ್ಕೆ ಬಾರೊ ಎಂದು. ರಾತ್ರಿಯೆಲ್ಲ ಬಲೆ ಬೀಸಿ ಬಳಲಿದ ಶಿಷ್ಯರನ್ನು ದೇವರ ಮಗ ದಡದಲ್ಲಿ ಮೀನು ಸುಟ್ಟು ಕರೆದ ಸುವಾರ್ತೆಯೇ ತಮ್ಮಯ್ಯನವರಿಗೆ ಕಣ್ಣಮುಂದೆ ನಿಂತಂತಾಯಿತು. ಮೀನು ಮರೆತು ಹಾಡು ಹಿಡಿದುಕೊಂಡು ಮನೆಗೆ ಬಂದರು.

ಬರಿಬಲೆಯ ಹೊತ್ತು ಬಂದೆ,
ದಡದಲ್ಲಿ ನೀನು ನಿಂದೆ,
ಬೆಂಕಿಯಲಿ ಮೀನು ಸುಟ್ಟು
ಊಟಕ್ಕೆ ಬಾರೊ ಎಂದೆ.

ಸಭೆಗೆ ಹಾಡು ಹಿಡಿಸಿತು. ತಮ್ಮಯ್ಯನವರಿಗೆ ನಾಲ್ಕನೇ ಸಾಲು ಹಿಡಿಸಲಿಲ್ಲ. ಮೆಸ್ಸಿನ ಬೋರ್ಡಿನಂತಿದೆ ಎನ್ನಿಸಿತು. ಎರಡು ತಿಂಗಳ ನಂತರ ಹೊಸ ಜೆರಾಕ್ಸ್ ಹಂಚಿದರು: "ಭೋಜನಕೆ ಕರೆದೆ ತಂದೆ". ಹಿರಿಯರೊಬ್ಬರು ಕನ್ನಡಕ ಏರಿಸಿ, "ದಡದಲ್ಲಿ ನಿಂತಿದ್ದು ಮಗ ಅಲ್ವೇನ್ರೀ ತಮ್ಮಯ್ಯ? ತಂದೇನ ಎಲ್ಲಿಂದ ತಂದ್ರಿ?" ಎಂದರು. ಮೂರನೇ ಜೆರಾಕ್ಸ್: "ಕೃಪೆಯುಣಿಸಿ ಪೊರೆವೆನೆಂದೆ". ಹೀಗೆ ಎರಡು ವರ್ಷದಲ್ಲಿ ಐದು ಜೆರಾಕ್ಸ್. ಒಂದೊಂದು ಮನೆಯ ಸತ್ಯವೇದದೊಳಗೆ ಒಂದೊಂದು ಕಾಲದ ಹಾಳೆ. ಆಂಗ್ಲೋ ಇಂಡಿಯನ್ ಶಾಲೆಗೆ ಹೋಗುವ ಸಭೆಯ ಹುಡುಗಿ ರಚನಾ ಒಮ್ಮೆ ಕೇಳಿಯೇ ಬಿಟ್ಟಳು: "ಅಂಕಲ್, ಇನ್ನೈಕ್ಕಿ ಪಳಯ ಪಾಟ್ಟಾ, ಪುದು ಪಾಟ್ಟಾ?" ಇವತ್ತು ಹಳೆ ಹಾಡೋ, ಹೊಸ ಹಾಡೋ ಎಂದು.

ಅಷ್ಟರಲ್ಲಿ, ಎರಡು ಸಾವಿರದ ಮೂರರಲ್ಲಿ, ಮೈಸೂರಿನ ಸಭಾಗೀತೆಗಳ ಸಮಿತಿಯಿಂದ ಕಾಗದ ಬಂತು. ಮೂವತ್ತು ವರ್ಷದ ಮೇಲೆ ಗೀತೆಗಳ ಪುಸ್ತಕ ಹೊಸದಾಗಿ ಅಚ್ಚಾಗುತ್ತಿದೆ. ತಮ್ಮಯ್ಯನವರ ಬಲೆಯ ಹಾಡನ್ನು ಸೇರಿಸುವ ಆಲೋಚನೆಯಿದೆ. ಒಂದೇ ಷರತ್ತು: ಸಭೆಗೆ ಅದು ರೂಢಿಯಲ್ಲಿರಬೇಕು. ಕೇಳಿ ಬರೆದುಕೊಳ್ಳಲು ಸಮಿತಿಯ ಕಾರ್ಯದರ್ಶಿ ಜಯಶೀಲ ಎಂಬವರು ಮುಂದಿನ ಭಾನುವಾರ ಬರುತ್ತಾರೆ.

"ಇನ್ನೊಂದು ಮೂವತ್ತು ವರ್ಷಕ್ಕೆ ನನಗೆ ಎಂಬತ್ತಾರು" ಎಂದರು ತಮ್ಮಯ್ಯನವರು, ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ ಓಡಾಡುತ್ತಾ. ಅಪ್ಪನೂ ಹಾಡು ಬರೆದವರೇ. ಅವರ ಜೊತೆಗೇ ಅವೂ ಮಣ್ಣಾಗಿದ್ದವು.

"ಹಾಗಾದ್ರೆ ಒಂದಕ್ಷರ ಮುಟ್ಟಬೇಡಿ. ಕೈ ಕಟ್ಟಿ ಕೂತ್ಕೊಳ್ಳಿ ಏಳು ದಿನ" ಎಂದರು ಸುಗುಣ.

ಅವರು ಕೂತದ್ದು ಐದು ದಿನ. ಶುಕ್ರವಾರ ಪ್ರೆಸ್ಸಿನಲ್ಲಿ ಕೆಮ್ಮಿನ ಔಷಧಿ ಚೀಟಿಯ ಹಿಂಬದಿಯಲ್ಲಿ "ಅಮೃತವನು ಸವಿಯೊ ಎಂದೆ" ಮೂಡಿತು. ಶನಿವಾರ ಇಪ್ಪತ್ತು ಪ್ರತಿ ಮಾಡಿಸಿದರು. ಮರೆತದ್ದು ಒಂದನ್ನೇ: ಹಿಂದಿನ ಭಾನುವಾರ ತಾವೇ ಎದ್ದು ನಿಂತು, "ಎಲ್ಲರೂ ತಪ್ಪದೆ ಮನೆಯಲ್ಲಿರೋ ಹಾಳೆ ತನ್ನಿ" ಎಂದು ಪ್ರಕಟಣೆ ಮಾಡಿದ್ದರು.

ಎಲ್ಲರೂ ತಪ್ಪದೆ ತಂದಿದ್ದರು. ಹಂಚಿದ ಹೊಸ ಇಪ್ಪತ್ತು ಬಲಗಡೆಯ ಬೆಂಚುಗಳಿಗೇ ಮುಗಿದವು.

ಮುಂದಿನ ಬೆಂಚಿನಲ್ಲಿ ಜಯಶೀಲರು ಪುಸ್ತಕ ಬಿಚ್ಚಿ ಕೂತರು. ಮೊದಲ ಮೂರು ಸಾಲು ನಲವತ್ತು ಜನ ಒಂದೇ ಗಂಟಲಾದರು. ನಾಲ್ಕಕ್ಕೆ ಬಂದದ್ದೇ ತಡ, ಎಡಗಡೆ ಭೋಜನ, ಬಲಗಡೆ ಅಮೃತ, ನಡುವೆ ಕೃಪೆ. ಹಿಂದಿನ ಬೆಂಚಿನವರಿಗೆ ಏನೂ ದಕ್ಕದೆ ಬರಿ ರಾಗ. ಎರಡನೇ ಚರಣದಲ್ಲಿ ಜಯಶೀಲರ ಪೆನ್ನು ನಿಂತಿತು. ಹಾರ್ಮೋನಿಯಂ ನಿಂತಿತು. ತಮ್ಮಯ್ಯನವರ ಎದೆಯೂ ಬಹುಶಃ ಒಂದು ಮಾತ್ರೆಯಷ್ಟು ಹೊತ್ತು ನಿಂತಿತು.

ನಿಲ್ಲದೆ ಉಳಿದದ್ದು ಒಂದು ದನಿ. ಪುಟ್ಟತಾಯಮ್ಮನದು. ಮಿಷನ್ ಆಸ್ಪತ್ರೆಯಲ್ಲಿ ಆಯಾ ಆಗಿದ್ದ ಮುದುಕಿ. ಓದು ಬಾರದು, ಹಾಳೆ ಇಟ್ಟುಕೊಂಡವಳೇ ಅಲ್ಲ. ಮೊದಲ ಸಲ ಕೇಳಿದಾಗ ಕಲಿತದ್ದನ್ನೇ ಕಣ್ಣು ಮುಚ್ಚಿ, ತೊಡೆ ತಟ್ಟಿಕೊಂಡು ಹಾಡುತ್ತಿದ್ದಳು. ಉಳಿದವರು ನಿಂತದ್ದು ಅವಳ ಗಮನಕ್ಕೇ ಬರಲಿಲ್ಲ. ರಚನಾ ಮೊದಲು ಹಾಳೆ ಕೆಳಗಿಟ್ಟು ಅವಳ ಹಿಂದೆ ಹೊರಟಳು. ಆಮೇಲೆ ಹಿರಿಯರು. ಆಮೇಲೆ, ಗಂಡನ ಕಡೆ ನೋಡದೆ, ಸುಗುಣ. ಕೊನೆಯ ಚರಣದ ಹೊತ್ತಿಗೆ ನಲವತ್ತು ಜನರಿಗೆ ಮತ್ತೆ ಒಂದೇ ಗಂಟಲು.

ಆರಾಧನೆ ಮುಗಿದು ವರಾಂಡದಲ್ಲಿ ಜಯಶೀಲರು ಗಡಿಯಾರ ನೋಡಿಕೊಂಡರು. "ಮೂರೂವರೆ ಗಾಡಿ ನಂದು. ಇಷ್ಟರಲ್ಲಿ ನಿಮ್ಮ ಹಾಡು ಯಾವುದು ಸ್ವಾಮಿ?"

"ಇವತ್ತಿನ ಹಾಳೆ..." ಎಂದು ಪೆನ್ಸಿಲ್ ತೆಗೆದರು ತಮ್ಮಯ್ಯನವರು.

"ಹಾಳೆ ಬೇಡ. ಸಭೆ ಹಾಡಿದ್ದು ಬೇಕು. ಇಲ್ಲಾಂದ್ರೆ ಬಿಟ್ಬಿಡೋಣ."

ತಮ್ಮಯ್ಯನವರು ಮೆಟ್ಟಿಲ ಮೇಲೆ ಪುಟ್ಟತಾಯಮ್ಮನ ಪಕ್ಕ ಕೂತರು. "ಹೇಳಮ್ಮ, ಬರ್ಕೋತೀನಿ."

"ನಿನ್ ಹಾಡ್ನ ನಾ ಹೇಳ್ಕೊಡ್ಲಾ ನಿಂಗೆ?" ಎಂದು ಬೊಚ್ಚುಬಾಯಿ ನಕ್ಕಳು. ಹೇಳಿದಳು. ನಾಲ್ಕನೇ ಸಾಲಿಗೆ ಪೆನ್ಸಿಲ್ ತಡೆಯಿತು. ಅವಳು ಹೇಳಿದ್ದು "ಉಣ್ಣೋಕೆ ಬಾರೊ ಎಂದೆ".

"ಊಟಕ್ಕೆ ಅಲ್ವೇನಮ್ಮ ನಾನು ಬರೆದಿದ್ದು?"

"ಊಟಕ್ಕೆ ಅಂತ ಕರ್ಯೋದು ಮದುವೆ ಮನ್ಯೋರು ಕಣಪ್ಪ. ಮನೇಲಿ ಉಣ್ಣೋಕೆ ಅಂತಾರೆ."

ಬೆರಳು ಮಡಿಚಿ ಎಣಿಸಿದರು. "ಊಟಕ್ಕೆ"ಯಂತೆ ಇದಕ್ಕೂ ಐದೇ ಮಾತ್ರೆ, ದೂರಲು ದಾರಿಯಿರಲಿಲ್ಲ. ಹಾಗೇ ಬರೆದು ರುಜು ಹಾಕಿಕೊಟ್ಟರು. ಜಯಶೀಲರ ಆಟೋ ಸದ್ದು ಅಡಗುವವರೆಗೂ ಸುಗುಣ ಗಂಡನ ತೋಳು ಹಿಡಿದೇ ಇದ್ದರು.

ನಾಲ್ಕು ತಿಂಗಳಿಗೆ ಅಚ್ಚಿನ ಕರಡು ಅಂಚೆಯಲ್ಲಿ ಬಂತು. ಮೈಸೂರಿನ ಯಾರೋ ಒಬ್ಬ ಕರಡು ತಿದ್ದುವವನು, ತಮ್ಮದೇ ಜಾತಿಯವನು, "ಉಣ್ಣೋಕೆ" ಹೊಡೆದುಹಾಕಿ ಮೇಲೆ "ಭೋಜನಕೆ" ಎಂದು ಬರೆದಿದ್ದ. ಅಕ್ಷರ ಅಂದವಾಗಿತ್ತು. ತಮ್ಮಯ್ಯನವರು ಎದ್ದರು, ಕೂತರು, ನೀರು ಕುಡಿದರು. ಕೊನೆಗೆ ಹೊಡೆದ ಮಾತೇ ಉಳಿಯಲೆಂದು ಅದರ ಕೆಳಗೆ ಸಾಲಾಗಿ ಚುಕ್ಕಿ ಇಟ್ಟು, ಮೂವತ್ತೆರಡು ವರ್ಷದಲ್ಲಿ ಬೇರೆಯವರ ಬರಹಕ್ಕೆ ಅಪರೂಪಕ್ಕೆ ಬಳಸಿದ ಆ ಗುರುತನ್ನು ಅಂಚಿನಲ್ಲಿ ಬರೆದರು: ಇರಲಿ.

ಲಕೋಟೆ ಅಂಚೆಡಬ್ಬಿಗೆ ಹಾಕಿದ ಮೇಲೆ ಮನೆಗೆ ಹೊರಡಲಿಲ್ಲ. ಮುಂದೆ ಕಾಗದ ತೆಗೆಯುವುದು ನಾಲ್ಕೂವರೆಗೆ ಎಂದು ಡಬ್ಬಿಯ ಮೇಲಿತ್ತು. ಇನ್ನೂ ನಾಲ್ಕೂ ಹತ್ತು. ಎರಡನೇ ಚರಣದಲ್ಲೊಂದು ಅರ್ಧವಿರಾಮ ಆಗಲೇ ಕಡಿಯತೊಡಗಿತ್ತು. ಅಂಚೆಯವನು ಬಂದು ಚೀಲ ತುಂಬಿ, ಸೈಕಲ್ ಹತ್ತಿ ತಿರುವಿನಲ್ಲಿ ಮರೆಯಾಗುವವರೆಗೂ ತಮ್ಮಯ್ಯನವರು ಡಬ್ಬಿಯ ಸುತ್ತ ಸುತ್ತುತ್ತಲೇ ಇದ್ದರು, ಎರಡೂ ಕೈ ಜೇಬಿನಲ್ಲಿ.