ಅಕ್ಕತಂಗಿಯರಾಗಲು ಒಪ್ಪದ ಇಬ್ಬರು

ಲಾಕ್‌ಡೌನ್ ಮುಗಿದ ಮರುವರ್ಷ ನಾನು ಮುಂಬೈಯ ಅಂಧೇರಿಯಲ್ಲಿರುವ ಒಂದು ಡಬ್ಬಿಂಗ್ ಸ್ಟುಡಿಯೋದಲ್ಲಿ ಕನ್ನಡ ಸಂಭಾಷಣೆ ಬರೆಯುತ್ತಿದ್ದೆ. ಪರದೆಯ ಮೇಲೆ ತುಟಿ ಎಷ್ಟು ಹೊತ್ತು ಅಲ್ಲಾಡುತ್ತದೋ ಅಷ್ಟೇ ಹೊತ್ತಿನ ಮಾತು ಕೂರಿಸಬೇಕು. ಇದಕ್ಕೆ ಲಿಪ್‌ಸಿಂಕ್ ಎನ್ನುತ್ತಾರೆ. ಅಪ್ಪ ವಿಜಯಪುರದಿಂದ ಬಂದು ಧಾರಾವಿಯಲ್ಲಿ ಚರ್ಮದ ಚೀಲ ಹೊಲಿದವನು. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲನೆಯವಳು ನಾನು. ಎರಡು ಸಲ ಫೇಲಾಗಿ ಪಡೆದ ಬಿ.ಎ. ಅದು, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಆಗ ಒಂದು ಹಿಂದಿ ಚಿತ್ರ ಬಂತು. ಟೈಲರಿಂಗ್ ಅಂಗಡಿ ನಡೆಸುವ, ಐವತ್ತು ದಾಟಿದ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆ, ಕೊನೆಯವರೆಗೂ ಜೊತೆಗಿರುತ್ತಾರೆ. ನಾನು ನೋಡಿ ಬೆಳೆದ ಸಿನಿಮಾಗಳಲ್ಲಿ ಇಂಥ ಇಬ್ಬರಿದ್ದರೆ ಒಬ್ಬಳು ಸಾಯಬೇಕಿತ್ತು, ಇಲ್ಲವೇ ಯಾರನ್ನಾದರೂ ಮದುವೆಯಾಗಬೇಕಿತ್ತು. ನಿರ್ದೇಶಕಿ ರೂಹಿಗೆ ಇದು ಮೊದಲ ಚಿತ್ರ.

ಕನ್ನಡದ ಹಕ್ಕು ಕೊಂಡಿದ್ದ ವಿತರಕರು ಧಾರವಾಡದ ಕಡೆಯವರು. "ಮೇಡಂ, ಕನ್ನಡದಾಗ ಇವರಿಬ್ಬರನ್ನ ಅಕ್ಕ-ತಂಗಿ ಮಾಡ್ರಿ. ನಮ್ಮ ಮಂದಿ ಒಪ್ಪಂಗಿಲ್ಲ" ಎಂದರು. ರೂಹಿಗೆ ಹೇಳಿದ್ದೀರಾ ಎಂದು ಕೇಳಬೇಕಿತ್ತು. ಕೆಲಸ ಹೋದೀತೆಂದು ಕೇಳಲಿಲ್ಲ. ಹತ್ತು ದಿನ ಕೂತು ಅವರ ಪ್ರೀತಿಯನ್ನೆಲ್ಲ ಒಡಹುಟ್ಟಿದವರ ಮಮತೆ ಮಾಡಿಟ್ಟೆ. ತುಟಿಗೆ ಎಷ್ಟು ಚೆನ್ನಾಗಿ ಕೂತಿದೆ ಎಂದು ಹೆಮ್ಮೆಯೂ ಪಟ್ಟೆ.

ದನಿ ಕೊಡಲು ಮಾಟುಂಗದಿಂದ ಶಾರದಕ್ಕ ಬಂದರು. ಮೂಲ ಉಡುಪಿ, ಅರವತ್ತೆಂಟು ವರ್ಷ, ನಾಟಕಗಳಲ್ಲಿ ಪಳಗಿದ ಗಂಟಲು. ರೆಕಾರ್ಡಿಂಗ್ ಕೋಣೆಯ ಗಾಜಿನ ಈಚೆ ರೂಹಿ ನನ್ನ ಪಕ್ಕ ಕೂತಿದ್ದಳು. ಅವಳಿಗೆ ಕನ್ನಡ ಬಾರದು. ಪ್ರತಿ ಟೇಕ್ ಆದಮೇಲೂ "ಬಹುತ್ ಸುಂದರ್" ಎಂದು ನನ್ನ ಕೈ ಹಿಸುಕುತ್ತಿದ್ದಳು. ನಾನು ತಲೆಯೆತ್ತದೆ ಸ್ಕ್ರಿಪ್ಟ್ ನೋಡುತ್ತಿದ್ದೆ.

ಜಗಳದ ದೃಶ್ಯ ಬಂತು. ಮುಚ್ಚಿದ ಬಾಗಿಲ ಹೊರಗೆ ಒಬ್ಬಳು ನಿಂತು ಬೇಡುತ್ತಾಳೆ. "ಅಕ್ಕಾ, ನಿನ್ನ ಮಾತಿಲ್ಲದೆ ಎರಡು ದಿನ ಕಳೆದೆ, ಮೂರನೆಯದು ನನ್ನಿಂದಾಗದು" ಎಂದು ಬರೆದಿದ್ದೆ. ಮೂರು ಟೇಕ್ ಕೆಟ್ಟವು. ಶಾರದಕ್ಕ ಹೆಡ್‌ಫೋನ್ ತೆಗೆದಿಟ್ಟು ಗಾಜಿನ ಈಚೆ ಬಂದರು.

"ಎಂಥ ಮಾರಾಯ್ತಿ ಇದು? ನನಗೆ ಮೂವರು ತಂಗಿಯರು ಉಂಟು. ಎರಡು ದಿನ ಮಾತು ಬಿಟ್ಟರೆ, ಪೀಡೆ ತೊಲಗಿತು ಅಂತ ನಾವು ಆರಾಮ ಇರುವುದು."

"ಬರೆದ ಹಾಗೆ ಹೇಳಿ ಅಕ್ಕ."

"ಹೇಳಿದೆ ಅಲ್ವಾ, ಮೂರು ಸಲ. ನನಗೇ ನಂಬಿಕೆ ಬರುವುದಿಲ್ಲ." ಹಾಗೆಂದವರೇ ರೂಹಿಯ ಕಡೆ ತಿರುಗಿದರು. "ಬೇಟಿ, ತುಮ್ಹಾರೀ ಪಿಕ್ಚರ್ ಮೇ ಯೇ ದೋನೋ ಬೆಹೆನ್ ಹೈ ಕ್ಯಾ?"

ಇವರಿಬ್ಬರೂ ಅಕ್ಕತಂಗಿಯರಾ ಎಂಬ ಆ ಪ್ರಶ್ನೆಗೆ ರೂಹಿ ನನ್ನ ಕೈ ಬಿಟ್ಟಳು. ಗೊತ್ತಿತ್ತಾ ಎಂದು ಕೇಳಿದಳು. ಬರೆದವಳೇ ನಾನು ಎಂದೆ.

ಆಮೇಲೆ ವಿತರಕರಿಗೆ ಫೋನ್ ಮಾಡಿದೆ. "ಸರ್, ಒಂದು ಸೀನ್ ಕೇಳಿ ಹೋಗಿ. ಬೇಡ ಅನಿಸಿದರೆ ಬೇರೆಯವರ ಕೈಲಿ ಬರೆಸಿ." ಅವರು ಚೆಂಬೂರಿನ ತಮ್ಮ ಆಫೀಸಿನಿಂದ ಬರುವಷ್ಟರಲ್ಲಿ ಆ ದೃಶ್ಯವನ್ನು ಮೂಲದಲ್ಲಿದ್ದಂತೆಯೇ ಬರೆದೆ. ಶಾರದಕ್ಕ ಒಂದೇ ಟೇಕ್‌ನಲ್ಲಿ ಹೇಳಿ ಮುಗಿಸಿದರು.

ಎರಡನ್ನೂ ಕೇಳಿಸಿದೆವು. ವಿತರಕರು ಗದ್ದ ಕೆರೆದುಕೊಂಡರು.

"ಅಕ್ಕ-ತಂಗಿ ಹಿಂಗ ಮುನಿಸ್ಕೊಳ್ಳಂಗಿಲ್ಲ ಬಿಡ್ರಿ. ನಮ್ಮ ಮನಿಯಾಕಿ ಮುನಿಸ್ಕೊಂಡು ಬಾಗಿಲಾ ಹಾಕ್ಕೊಂಡಾಗ ನಾನೂ ಹೊರಗ ಹಿಂಗ ನಿಂತಿದ್ದೆ."

"ನೀವು ಎಂಥ ಹೇಳಿದ್ದು?" ಶಾರದಕ್ಕ ಕೇಳಿದರು.

"ಅದನ್ನ ಮೈಕ್ ಮುಂದ ಹೇಳಾಕ ಬರಂಗಿಲ್ರಿ."

ಮೊದಲು ನಕ್ಕವಳು ರೂಹಿ. "ಇದ್ದಂಗ ಇರ್ಲಿ ಬಿಡ್ರಿ, ನೋಡೋಣು" ಎಂದು ವಿತರಕರು ಎದ್ದರು. ಹತ್ತು ದಿನ ಕೆಡಿಸಿದ್ದನ್ನು ನಾಲ್ಕೇ ದಿನದಲ್ಲಿ ಸರಿಮಾಡಿದೆ.

ಮಾಟುಂಗದ ಒಂದು ಹಾಲ್‌ನಲ್ಲಿ ಅಲ್ಲಿನ ಕನ್ನಡಿಗರಿಗೆ ಚಿತ್ರ ತೋರಿಸಿದೆವು. ಆ ಬಾಗಿಲು ತೆರೆದಾಗ ಮುಂದಿನ ಸಾಲಿನ ಹೆಂಗಸರು ಚಪ್ಪಾಳೆ ತಟ್ಟಿದರು. ಒಬ್ಬರು "ಅಂತೂ ತೆಗೆದಳು" ಎಂದು ಕಣ್ಣೊರೆಸಿಕೊಂಡರು. ಅವರು ಒಪ್ಪುವುದಿಲ್ಲ ಎಂದು ಹೇಳಿದವರು, ನಂಬಿದವರು ನಾವೇ. ಅವರನ್ನು ಯಾರೂ ಕೇಳಿರಲಿಲ್ಲ. ಕೇಳದೆ ಬರೆಯಬಾರದು ಎಂಬ ಇಷ್ಟು ಸಣ್ಣ ಸಂಗತಿಯನ್ನು ನಾನು ಕಲಿತದ್ದು ಬಿ.ಎ. ಓದುವಾಗಲ್ಲ, ಕೆಲಸಕ್ಕೆ ಸೇರಿದ ಮೇಲೆ.