ಬಿಸಿಯಾದರೆ ಇಳಿಯುವ ಮುಳ್ಳು

ಯಾದವಗಿರಿಯ ಯಜಮಾನರ ಕಪ್ಪು ಕಾರು ನಮ್ಮ ಶೆಡ್ಡಿನಿಂದ ಹೋಗಿ ವಾರ ಕಳೆಯುವುದರೊಳಗೆ ವಾಪಸ್ ಬಂತು. ಅವರ ತಂದೆ ಅರಮನೆ ಕೆಲಸದಲ್ಲಿದ್ದಾಗ ಕೊಂಡ ಕಾರು. ಅದರ ಎಂಜಿನ್ನನ್ನು ಪೂರ್ತಿ ಬಿಚ್ಚಿ, ಸವೆದದ್ದನ್ನೆಲ್ಲ ತೆಗೆದು ಹೊಸದು ಹಾಕಿ, ಮತ್ತೆ ಜೋಡಿಸಿ ಕೊಟ್ಟವರು ನನ್ನ ಗಂಡ.

"ಏನ್ ಮೇಸ್ತ್ರಿಗಳೇ, ನೀವು ಕೈ ಇಡೋಕ್ ಮುಂಚೆ ಚೆನ್ನಾಗಿತ್ತಲ್ರೀ ನನ್ ಗಾಡಿ! ಸಿಗ್ನಲ್‌ನಲ್ಲಿ ನಿಂತ್ರೆ ಸಾಕು, ಎಣ್ಣೆ ದೀಪ ಹತ್ಕೊಳತ್ತೆ" ಎಂದರು ಯಜಮಾನರು.

ಲಷ್ಕರ್ ಮೊಹಲ್ಲಾದ ನಮ್ಮ ಮನೆಗೆ ಅಂಟಿಕೊಂಡಂತೆ ತಗಡಿನ ಶೆಡ್ಡಿದೆ. ಮದುವೆಯಾಗಿ ಬಂದಾಗಿನಿಂದ ಅಲ್ಲಿ ಸೀಮೆಎಣ್ಣೆಯಲ್ಲಿ ಸಾಮಾನು ತೊಳೆದಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು, ಆದರೂ ಆ ದೀಪ ಹತ್ತಿಕೊಂಡರೆ ಏನರ್ಥ ಎಂದು ಗೊತ್ತು. ಎಂಜಿನ್ನಿನ ತಳದ ತಟ್ಟೆಯಿಂದ ಪಂಪು ಎಣ್ಣೆ ಎತ್ತಿ ಸಣ್ಣ ಸಣ್ಣ ದಾರಿಗಳಲ್ಲಿ ತಳ್ಳುತ್ತದೆ. ತಳ್ಳುವ ಬಲ ಕಡಿಮೆಯಾದರೆ ಕಬ್ಬಿಣ ಕಬ್ಬಿಣವನ್ನು ತಿನ್ನುತ್ತದೆ.

ನನ್ನ ಮಗ ಅಪ್ಪನ ಜೊತೆಯಲ್ಲೇ ಕೆಲಸ ಕಲಿತವನು. ಅವನಿಗೂ ಮಕ್ಕಳಿದ್ದಾರೆ. ಕಾರು ಬಂದದ್ದೇ ತಡ, ಅಡುಗೆಮನೆಗೆ ಬಂದ.

"ಅಪ್ಪಂದು ಬೇರಿಂಗ್ ಅಳತೆ ತಪ್ಪಿದೆ ಕಣಮ್ಮ. ಇನ್ಮೇಲೆ ಎಂಜಿನ್ ಮುಟ್ಟೋದು ಬೇಡ ಅಂತ ನೀನೇ ಹೇಳ್ಬುಡು."

"ನಿಂಗೆ ಬಾಯಿಲ್ವಾ?"

ಅವನು ಹೇಳಿದ್ದಕ್ಕೆ ಕಾರಣವಿತ್ತು. ಕೆಲವು ತಿಂಗಳಿಂದ ಇವರು ಬಿಗಿ ಮಾಡಿದ ನಟ್ಟನ್ನೇ ಮತ್ತೆ ಬಿಗಿ ಮಾಡುತ್ತಿದ್ದರು. ಕೈಯಲ್ಲೇ ಸ್ಪ್ಯಾನರ್ ಹಿಡಿದುಕೊಂಡು ಸ್ಪ್ಯಾನರ್ ಎಲ್ಲಿ ಎಂದು ರೇಗುತ್ತಿದ್ದರು. ಆದರೆ ಶೆಡ್ಡಿನ ಕೆಲಸ ಬಿಟ್ಟರೆ ಆ ಮನುಷ್ಯನಿಗೆ ಬೇರೇನೂ ಬರುವುದಿಲ್ಲ. ಕಟ್ಟೆಯ ಮೇಲೆ ಕೂತು ನಾಲ್ಕು ಜನರ ಜೊತೆ ಹರಟುವುದಕ್ಕೂ ಬರುವುದಿಲ್ಲ. ಕೈಯಿಂದ ಕೆಲಸ ಕಿತ್ತುಕೊಂಡರೆ ಅವರನ್ನು ಇಡೀ ದಿನ ಎಲ್ಲಿ ಕೂರಿಸುವುದು?

ಮಗ ಅಪ್ಪನ ಮುಖಕ್ಕೇ ಹೇಳಿದ. ಇವರು ಬೀಡಿ ಆರಿಸಿ ಎದ್ದು ನಿಂತರು.

"ಆಯ್ತು ಕಣೋ. ಬೇರಿಂಗ್ ತಪ್ಪಿದ್ರೆ ಇವತ್ತೇ ಸ್ಪ್ಯಾನರ್ ಕೆಳಗಿಟ್ಬುಡ್ತೀನಿ. ಸರಿ ಇದ್ರೆ ನೀನು ನನ್ ಮುಂದೆ ಬಾಯಿ ಮುಚ್ಕೊಂಡಿರ್ಬೇಕು. ಆಗ್ತದಾ?"

"ಆಗ್ತದೆ."

ಮೊದಲು ದೀಪವೇ ಸುಳ್ಳು ಹೇಳುತ್ತಿದೆಯೇ ಎಂದು ನೋಡಿದರು. ಅದರ ವೈರು ಕಿತ್ತು, ಆ ಜಾಗಕ್ಕೆ ಎಣ್ಣೆಯ ಬಲ ತೋರಿಸುವ ತಮ್ಮದೇ ಮೀಟರು ತಿರುಗಿಸಿ ಕೂರಿಸಿ ಎಂಜಿನ್ ಚಾಲೂ ಮಾಡಿದರು. ತಣ್ಣಗಿದ್ದಾಗ ಮುಳ್ಳು ಸುಮಾರಾಗಿ ನಿಂತಿತ್ತು. ಬಿಸಿಯಾಗಿ ಎಣ್ಣೆ ನೀರಾದ ಮೇಲೆ ಮಲಗಿಬಿಟ್ಟಿತು. ದೀಪ ಹೇಳಿದ್ದು ನಿಜ.

"ದಪ್ಪ ಎಣ್ಣೆ ಹಾಕ್ಬುಡಿ, ದೀಪ ಹತ್ತಲ್ಲ" ಎಂದರು ಯಜಮಾನರು.

"ಸ್ವಾಮಿ, ದೀಪ ಹತ್ತಬಾರದು ಅಂದ್ರೆ ಬಲ್ಬೇ ಕಿತ್ಕೊಡ್ತೀನಿ, ತಗೊಂಡೋಗಿ" ಎಂದರು ಇವರು. ಯಜಮಾನರು ಆಟೋ ಹತ್ತಿ ಹೋದರು.

ಮಗ ಸೀದಾ ಕೆಳಗೆ ನುಗ್ಗಿದ. ಎಣ್ಣೆ ಇಳಿಸಿ, ತಟ್ಟೆ ಬಿಚ್ಚಿ, ಬೇರಿಂಗ್ ಕಳಚಿದ. ಎಂಜಿನ್ನಿನೊಳಗೆ ತಿರುಗುವ ದೊಡ್ಡ ಕಂಬಿಯ ಸುತ್ತ ಬಳೆಯ ಹಾಗೆ ಕೂರುವ ಮೆತ್ತನೆಯ ಲೋಹ ಅದು. ನಡುವೆ ಸಂದು ಜಾಸ್ತಿಯಾದರೆ ಎಣ್ಣೆ ಸೋರಿಹೋಗಿ ಬಲ ಇಳಿಯುತ್ತದೆ. ಅವನು ಮೇಣದ ಎಳೆ ಇಟ್ಟು ಬಿಗಿ ಮಾಡಿ, ಬಿಚ್ಚಿ, ಎಳೆ ಎಷ್ಟು ಚಪ್ಪಟೆಯಾಗಿದೆ ಎಂದು ಪಟ್ಟಿ ಹಿಡಿದು ನೋಡಿದ. ಒಂದು ಸರಿ ಇತ್ತು. ಮುಂದಿನದೂ ಸರಿ ಇತ್ತು. ಎಲ್ಲವೂ ಸರಿ ಇದ್ದವು. ಮಗ ಪಂಪು ಬಿಚ್ಚಿದ, ಅದೂ ಸರಿ ಇತ್ತು.

ಇವರು ಸ್ಟೂಲಿನ ಮೇಲೆ ಕೂತು ನಗುತ್ತಿದ್ದರು. ಎಷ್ಟೋ ದಿನದ ಮೇಲೆ ಆ ನಗು ಕಂಡೆ.

"ಏನಪ್ಪಾ ಇಂಜಿನಿಯರ್ರೇ, ಸಿಕ್ತಾ ನಿಮ್ಮಪ್ಪನ ತಪ್ಪು? ಕಾಫಿ ಕೊಡೇ ಅವನಿಗೆ, ಸುಸ್ತಾಗೋಗವ್ನೆ."

ಕಾಫಿ ತಂದೆ. ಮಗ ಮುಟ್ಟಲಿಲ್ಲ. ಇನ್ನು ಉಳಿದದ್ದು ಎಂಜಿನ್ನಿನ ಪಕ್ಕದ ಒಂದೇ ಒಂದು ನಟ್ಟು. ಎಣ್ಣೆಯ ಬಲ ಮಿತಿ ಮೀರಿದರೆ ಹೆಚ್ಚಾದದ್ದನ್ನು ವಾಪಸ್ ತಟ್ಟೆಗೆ ಬಿಡುವ ಪುಟ್ಟ ಬಾಗಿಲು ಅದರೊಳಗಿರುತ್ತದೆ. ಒಂದು ಗುಂಡು, ಅದನ್ನು ಒತ್ತಿ ಹಿಡಿಯುವ ಒಂದು ಸ್ಪ್ರಿಂಗು, ಅಷ್ಟೇ. ಹೊರಗಿಂದಲೇ ಬಿಚ್ಚಬಹುದು, ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು. ಅಪ್ಪನ ಅಳತೆಯ ಮೇಲೆ ಕಣ್ಣಿಟ್ಟಿದ್ದವನಿಗೆ ಅದು ಕಂಡಿರಲಿಲ್ಲ.

ಗುಂಡು ಹೊರಗೆ ಬಂತು. ಅದು ಕೂರುವ ಜಾಗಕ್ಕೆ ಕಡ್ಡಿ ಹಾಕಿ ಕೆದಕಿದ. ಅಂಗೈ ಮೇಲೆ ಏನೋ ಬಿತ್ತು. ಬಟ್ಟೆಯಿಂದ ಒರೆಸಿದ. ಅಕ್ಕಿ ಕಾಳು. ಎಣ್ಣೆ ಕುಡಿದು ಕಪ್ಪಾಗಿತ್ತು, ಒಂದು ತುದಿಯಲ್ಲಿ ಇನ್ನೂ ಅರಿಶಿನದ ಬಣ್ಣವಿತ್ತು. ಅದು ಅಡ್ಡ ಸಿಕ್ಕಿಕೊಂಡು ಬಾಗಿಲು ಮುಚ್ಚದ ಹಾಗೆ ಹಿಡಿದಿತ್ತು. ಎಣ್ಣೆಯೆಲ್ಲ ಅಲ್ಲಿಂದಲೇ ವಾಪಸ್ ಹೋಗುತ್ತಿತ್ತು.

ಇವರು ಬಗ್ಗಿ ನೋಡಿ ಕಿಡಿಕಿಡಿಯಾದರು. "ಯಾವನೋ ಅವ್ನು ಎಂಜಿನ್ನಿಗೆ ಅಕ್ಕಿ ಹಾಕ್ದೋನು? ತಲೆ ಕೆಟ್ಟದಾ?"

ಮಗ ನನ್ನ ಕಡೆ ನೋಡಿದ. ಆಮೇಲೆ ಮೆಲ್ಲಗೆ ಹೇಳಿದ. "ನೀನೇ ಕಣಪ್ಪ. ಆಯುಧ ಪೂಜೆ ದಿನ ಅಕ್ಷತೆ ಹಾಕ್ದಲ್ಲ."

"ಆಯುಧ ಪೂಜೆ ಇನ್ನೂ ಬಂದೇ ಇಲ್ವಲ್ಲೋ."

ಶೆಡ್ಡಿನ ಬಾಗಿಲಿಗೆ ಕಟ್ಟಿದ ಬಾಳೆಕಂದು ಒಣಗಿ ಅಲ್ಲೇ ನೇತಾಡುತ್ತಿತ್ತು.

ಪೂಜೆಯ ದಿನ ಶೆಡ್ಡಿನಲ್ಲಿ ಏನಿದ್ದರೂ ಕುಂಕುಮ ಬೀಳುತ್ತದೆ, ಅಕ್ಷತೆ ಬೀಳುತ್ತದೆ. ಅರ್ಧ ಬಿಚ್ಚಿದ ಎಂಜಿನ್ನನ್ನೂ ಬಿಡುವುದಿಲ್ಲ. ಅದಕ್ಕೇ ಇವರು ಹಿಂದಿನ ಸಂಜೆಯೇ ಕೂತು, ಒಂದೊಂದು ತೂತಿಗೂ ಬಟ್ಟೆ ತುರುಕುತ್ತಿದ್ದರು. ಪೂಜೆಯಾದ ಮೇಲೆ ತಾವೇ ಕಿತ್ತು, ಮುಚ್ಚಿದ್ದ ಜಾಗದಲ್ಲಿ ಬೆರಳಾಡಿಸಿ ನೋಡುತ್ತಿದ್ದರು. ಬೇರೆಯವರಿಗೆ ಆ ಕೆಲಸ ಕೊಟ್ಟವರೇ ಅಲ್ಲ. ಈ ವರ್ಷ ಎಂಜಿನ್ನು ಬಾಯಿ ಬಿಟ್ಟುಕೊಂಡೇ ಕೂತಿತ್ತು, ಇವರು ಅದರ ಮೇಲೆ ಹಿಡಿ ತುಂಬ ಎರಚಿದ್ದರು. ಈಗ ಎರಚಿದ್ದಷ್ಟೇ ಅಲ್ಲ, ಹಬ್ಬವೇ ಮರೆತುಹೋಗಿತ್ತು.

ಮಗನ ಕೈಯಲ್ಲಿದ್ದ ಕಾಳನ್ನು ಅವರು ಇನ್ನೊಮ್ಮೆ ನೋಡಿದರು. ನನ್ನ ಮುಖ ನೋಡಿದರು. ಕೇಳಿದ್ದರೆ ನಾನು ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದೆ.

ಎಲ್ಲ ತೊಳೆದು ಮುಚ್ಚಿದ ಮೇಲೆ ಮುಳ್ಳು ಬಿಸಿಯಲ್ಲೂ ನೆಟ್ಟಗೆ ನಿಂತಿತು. ಒಳಗೆ ಕಸ ಸಿಕ್ಕಿತ್ತು ಎಂದು ಹೇಳಿ ಮಗ ಕಾರು ಬಿಟ್ಟು ಬಂದ. ಪಂದ್ಯ ಗೆದ್ದವರು ಅಪ್ಪನೇ. ಅವನು ಆ ಮಾತೇ ಎತ್ತಲಿಲ್ಲ.

ಕೊನೆಗೆ ನಾನೇ ಹೇಳಬೇಕಾಯಿತು. "ನಾಳೆಯಿಂದ ಶೆಡ್ಡಿಗೆ ಹೋಗ್ಬೇಡಿ. ನಿಮಗೆ ಜ್ಞಾಪಕ ನಿಲ್ತಾ ಇಲ್ಲ. ಯಾರದಾದ್ರೂ ಬ್ರೇಕು ಬಿಗಿ ಮಾಡೋದು ಮರೆತ್ರೆ ಜೀವ ಹೋಗ್ತದೆ."

"ಆಯ್ತು ಬುಡು" ಎಂದರು. ಮುಖ ಮಾತ್ರ ಏಟು ತಿಂದವರ ಹಾಗಾಯಿತು.

ಮಾರನೆಯ ಬೆಳಿಗ್ಗೆ ಎಣ್ಣೆ ಕಲೆಯ ಶರ್ಟು ಹಾಕಿಕೊಂಡು ಬಂದು ಕೂತರು. "ಬೇಗ ಕಾಫಿ ಕೊಡೇ, ಯಾದವಗಿರಿ ಗಾಡಿ ಮುಗಿಸ್ಬೇಕು." ಮತ್ತೆ ಹೇಳಿದೆ. ಮತ್ತೆ ಅದೇ ಮುಖ. ಅವರಿಗೆ ಅದು ದಿನಾ ಹೊಸ ಸುದ್ದಿ. ದಿನಾ ಏಟು ಕೊಡುವುದು ನನಗೂ ಸಾಕಾಯಿತು.

ಈಗ "ಇವತ್ತು ರಜ" ಎಂದುಬಿಡುತ್ತೇನೆ. ಅವರು ಶರ್ಟು ಬಿಚ್ಚಿ ಮೊಳೆಗೆ ಹಾಕುತ್ತಾರೆ. ಗೋಡೆಯಾಚೆ ಮಗ ಯಾವುದಾದರೂ ಎಂಜಿನ್ ಚಾಲೂ ಮಾಡಿದರೆ ಕತ್ತು ಆ ಕಡೆ ತಿರುಗಿಸಿ ಕೇಳಿಸಿಕೊಳ್ಳುತ್ತಾರೆ.

"ಮೂರನೇ ಪ್ಲಗ್ಗು ಕೆಲಸ ಮಾಡ್ತಿಲ್ಲ, ಹೇಳ್ಬುಡು ಅವನಿಗೆ" ಎನ್ನುತ್ತಾರೆ.

ಬಹಳ ಸಲ ಅದು ನಿಜವೇ ಆಗಿರುತ್ತದೆ. ನಾನು ಹೇಳುವುದಿಲ್ಲ. ಹೇಳಿದರೆ ಮಗ ಮನಸ್ಸು ಕರಗಿ ಅಪ್ಪನನ್ನು ಕರೆಯುತ್ತಾನೆ, ಇವರು ಹೋಗಿ ಮತ್ತೆ ಸ್ಪ್ಯಾನರ್ ಹಿಡಿಯುತ್ತಾರೆ.